ಬೊಜ್ಜಿನ ಉರಿಯೂತ ಇಳಿಸಲು ವ್ಯಾಯಾಮದ ಜೊತೆ ಯಾವ ಸಪ್ಲಿಮೆಂಟ್ ಬೇಕು, ಯಾವುದು ಬೇಡ?

ವಾಕಿಂಗ್ ಶುರು ಮಾಡಿದವರು ಕೆಲವೇ ದಿನಗಳಲ್ಲಿ ಕೇಳುವ ಪ್ರಶ್ನೆ ಒಂದಿದೆ: "ಇದರ ಜೊತೆ ಏನಾದ್ರೂ ತಗೊಂಡ್ರೆ ಬೇಗ ಇಳಿಯುತ್ತಾ?" ಮೀನೆಣ್ಣೆ ಕ್ಯಾಪ್ಸೂಲ್, ಅರಿಶಿನದ ಮಾತ್ರೆ, ವಿಟಮಿನ್ ಡಿ, ಪ್ರೋಟೀನ್ ಪೌಡರ್, ಗ್ರೀನ್ ಟೀ ಗುಳಿಗೆ ಎಲ್ಲವೂ ಮೆಡಿಕಲ್ ಶಾಪಿನಲ್ಲಿವೆ. ಮೊಬೈಲ್ ತೆರೆದರೆ ಅವುಗಳದ್ದೇ ಜಾಹೀರಾತು. ಎಲ್ಲವೂ ಉರಿಯೂತ ಇಳಿಸುತ್ತೇವೆ ಅನ್ನುತ್ತವೆ.

ಆದರೆ ವ್ಯಾಯಾಮದ ಜೊತೆ ಸೇರಿದಾಗ ಇವೆಲ್ಲ ಒಂದೇ ತರಹ ನಡೆದುಕೊಳ್ಳುವುದಿಲ್ಲ. ಕೆಲವು ಕೈಜೋಡಿಸುತ್ತವೆ. ಕೆಲವಕ್ಕೆ ಕೊಟ್ಟ ದುಡ್ಡು ದಂಡ. ಒಂದೆರಡಂತೂ ಬೆವರು ಸುರಿಸಿ ಗಳಿಸಿದ್ದನ್ನೇ ಕಿತ್ತುಕೊಳ್ಳುತ್ತವೆ. ಕೊಳ್ಳುವ ಮೊದಲು ಈ ವ್ಯತ್ಯಾಸ ಗೊತ್ತಿರಬೇಕು.

ಇದು ಯಾವ ಉರಿಯೂತ?

ಕಾಲು ಉಳುಕಿದರೆ ಊದುತ್ತದೆ, ಕೆಂಪಾಗುತ್ತದೆ, ನಾಲ್ಕು ದಿನಕ್ಕೆ ಇಳಿಯುತ್ತದೆ. ಬೊಜ್ಜಿನ ಉರಿಯೂತಕ್ಕೆ ನೋವಿಲ್ಲ, ಜ್ವರವಿಲ್ಲ. ವರ್ಷಗಟ್ಟಲೆ ಒಳಗೊಳಗೇ ನಡೆಯುತ್ತಿರುತ್ತದೆ. ಹೊಟ್ಟೆಯ ಒಳಗಡೆ, ಕರುಳಿನ ಸುತ್ತ ಸೇರುವ ಕೊಬ್ಬಿನ ಕೋಶಗಳು ಅತಿಯಾಗಿ ಹಿಗ್ಗಿದಾಗ ಅವಕ್ಕೆ ಆಮ್ಲಜನಕ ಸಾಲುವುದಿಲ್ಲ. ಕೆಲವು ಸಾಯುತ್ತವೆ. ಸತ್ತದ್ದನ್ನು ತೆರವು ಮಾಡಲು ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕಣಗಳು ಬಂದು ಸುತ್ತುವರಿಯುತ್ತವೆ. ಅಲ್ಲಿಂದ ಟಿಎನ್‌ಎಫ್-ಆಲ್ಫಾ, ಐಎಲ್-6 ಮುಂತಾದ ರಾಸಾಯನಿಕಗಳು ರಕ್ತಕ್ಕೆ ಸೇರುತ್ತವೆ. ಕೊಬ್ಬು ಸುಮ್ನೆ ಕೂತಿರುವ ಉಗ್ರಾಣ ಎಂದೇ ಬಹುಕಾಲ ಎಣಿಸಲಾಗಿತ್ತು. ಬೊಜ್ಜಿನ ಇಲಿಗಳ ಕೊಬ್ಬಿನಲ್ಲಿ ಟಿಎನ್‌ಎಫ್-ಆಲ್ಫಾ ಜಾಸ್ತಿ ಇದೆ, ಅದನ್ನು ತಡೆದರೆ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು 1993ರಲ್ಲಿ ಕಂಡಮೇಲೆ ಆ ನಂಬಿಕೆ ಬದಲಾಯಿತು.

ಐಎಲ್-6 ಹೋಗಿ ತಟ್ಟಿದಾಗ ಲಿವರ್ ಸಿಆರ್‌ಪಿ ಎಂಬ ಪ್ರೋಟೀನ್ ತಯಾರಿಸುತ್ತದೆ. ಲ್ಯಾಬಿನಲ್ಲಿ ಅಳೆಯುವುದು ಇದನ್ನೇ. ಸಾಮಾನ್ಯ ಸಿಆರ್‌ಪಿ ಬೇರೆ, ಎಚ್‌ಎಸ್-ಸಿಆರ್‌ಪಿ ಬೇರೆ. ಸಣ್ಣ ಏರಿಕೆ ಗೊತ್ತಾಗುವುದು ಎರಡನೆಯದರಲ್ಲಿ, ಅದನ್ನೇ ಕೇಳಿ ಮಾಡಿಸಿ. ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಹೃದಯದ ಅಪಾಯ ಕಡಿಮೆ. 1ರಿಂದ 3 ಮಧ್ಯಮ, 3 ದಾಟಿದರೆ ಜಾಸ್ತಿ. 10 ದಾಟಿದ್ದರೆ ಅದು ಬೊಜ್ಜಿನದಕ್ಕಿಂತ ಯಾವುದೋ ಸೋಂಕಿನ ಲೆಕ್ಕವಿರಬಹುದು, ಎರಡು-ಮೂರು ವಾರ ಬಿಟ್ಟು ಮತ್ತೆ ನೋಡಬೇಕು. ನೆಗಡಿ, ಹಲ್ಲಿನ ಕೀವು ಇದ್ದಾಗ ಈ ಟೆಸ್ಟ್ ಮಾಡಿಸಬೇಡಿ. ಜೋರಾಗಿ ಓಡಿದ ಮರುದಿನವೂ ಬೇಡ.

ಲ್ಯಾಬಿಗೆ ಹೋಗಲು ಆಗದವರಿಗೆ ಟೈಲರ್ ಟೇಪ್ ಇದೆ. ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ದಾಟಿದರೆ ಭಾರತೀಯರ ಮಟ್ಟಿಗೆ ಅದು ಹೊಟ್ಟೆ ಬೊಜ್ಜು. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ 39.5% ಜನರಿಗೆ ಹೊಟ್ಟೆ ಬೊಜ್ಜಿದೆ. ತೂಕ ನಾರ್ಮಲ್ ಇದ್ದೂ ಹೊಟ್ಟೆ ಮುಂದೆ ಬಂದವರು ನಮ್ಮಲ್ಲಿ ಎಷ್ಟು ಜನ ಅಲ್ವಾ!

ವ್ಯಾಯಾಮವೊಂದೇ ಆದರೆ?

ಇಲ್ಲಿ ಒಂದು ವಿಚಿತ್ರ ಇದೆ. ಕೊಬ್ಬಿನಿಂದ ಬಂದು ತೊಂದರೆ ಕೊಡುವ ಅದೇ ಐಎಲ್-6, ದುಡಿಯುವ ಮಾಂಸಖಂಡದಿಂದಲೂ ಬರುತ್ತದೆ. ಜೋರು ನಡಿಗೆ, ಸೈಕಲ್ ತುಳಿತದ ಹೊತ್ತಿಗೆ ರಕ್ತದಲ್ಲಿ ಅದು ಏರುತ್ತದೆ, ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಹೀಗೆ ಏರಿ ಇಳಿಯುವಾಗ ಐಎಲ್-10ನಂಥ, ಉರಿಯೂತ ತಣಿಸುವ ರಾಸಾಯನಿಕಗಳನ್ನು ಎಬ್ಬಿಸುತ್ತದೆ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಬೆಂಟೆ ಕ್ಲಾರ್ಲುಂಡ್ ಪೆಡರ್ಸನ್ ಅವರ ತಂಡ ಇದನ್ನು ವರ್ಷಗಳಿಂದ ಬಿಡಿಸಿ ನೋಡುತ್ತಾ ಬಂದಿದೆ. ಅಲ್ಲಿಂದ 2019ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಹೊಟ್ಟೆ ಬೊಜ್ಜಿನವರಿಗೆ 12 ವಾರ ಸೈಕಲ್ ತುಳಿಸಿದರು. ಕೆಲವರಿಗೆ ಐಎಲ್-6ರ ಕೆಲಸ ತಡೆಯುವ ಔಷಧಿ ಕೊಟ್ಟರು. ಔಷಧಿ ಇಲ್ಲದೆ ತುಳಿದವರ ಒಳಹೊಟ್ಟೆಯ ಕೊಬ್ಬು ಕರಗಿತು. ಔಷಧಿ ಪಡೆದವರು ಅಷ್ಟೇ ತುಳಿದರೂ ಅದು ಕರಗಲಿಲ್ಲ.

ಉರಿಯೂತದ ರಾಸಾಯನಿಕವನ್ನೆಲ್ಲ ಕಣ್ಣುಮುಚ್ಚಿ ತಡೆಯುವುದು ಬುದ್ಧಿವಂತಿಕೆಯಲ್ಲ ಎಂದು ಇದರಿಂದ ಗೊತ್ತಾಗುತ್ತದೆ. ಮುಂದೆ ಒಂದೊಂದು ಸಪ್ಲಿಮೆಂಟನ್ನೂ ಇದೇ ಕಣ್ಣಿನಿಂದ ನೋಡಿ.

ವ್ಯಾಯಾಮದಲ್ಲಿ ಯಾವುದು? ಒಳಹೊಟ್ಟೆಯ ಕೊಬ್ಬಿಗೆ ಬಿರುಸಿನ ನಡಿಗೆ, ಸೈಕಲ್, ಈಜು ಇವು ಮುಂದು. ತೂಕದ ಯಂತ್ರದಲ್ಲಿ ಮುಳ್ಳು ಕದಲದಿದ್ದರೂ ಒಳಗಿನ ಕೊಬ್ಬು ಕಡಿಮೆಯಾಗಿರಬಹುದು, ಅದಕ್ಕೇ ಟೇಪ್ ಮುಖ್ಯ. ಡಂಬೆಲ್, ಬಸ್ಕಿ, ಗೋಡೆ ಹಿಡಿದು ಮಾಡುವ ದಂಡ ಇವು ಮಾಂಸಖಂಡ ಉಳಿಸುತ್ತವೆ, ಸಕ್ಕರೆ ಹಿಡಿತದಲ್ಲಿಡುತ್ತವೆ. ಅಲ್ಪ ಹೊತ್ತಿನ ಬಿರುಸಿನ ವ್ಯಾಯಾಮ ಸಮಯ ಉಳಿಸುತ್ತದೆ ನಿಜ. ಆದರೆ 95 ಕೆ.ಜಿ. ತೂಕದವರು ಮೊದಲ ವಾರವೇ ಕುಣಿದು ಹಾರಿದರೆ ಮಂಡಿ ಕೈಕೊಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಅಳತೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವ್ಯಾಯಾಮ, ಜೊತೆಗೆ ಎರಡು ದಿನ ಸ್ನಾಯು ಬಲದ ಕೆಲಸ. ನನ್ನ ಆಯ್ಕೆಯೂ ಇದೇ: ಐದು ದಿನ ನಡಿಗೆ, ಎರಡು ದಿನ ಭಾರ. ಮಾತು ಆಡಬಹುದು, ಹಾಡಲು ಆಗಬಾರದು, ಅಷ್ಟು ಬಿರುಸಿರಲಿ.

ಊಟ ಹಾಗೇ ಇದ್ದರೆ ಮಾತ್ರ ಇದು ಅರ್ಧಕ್ಕೇ ನಿಲ್ಲುತ್ತದೆ. ಅಮೆರಿಕದಲ್ಲಿ ಮಂಡಿನೋವಿನ, ತೂಕ ಜಾಸ್ತಿಯಿರುವ 454 ಜನರ ಮೇಲೆ 18 ತಿಂಗಳು ನಡೆಸಿದ ಐಡಿಯಾ ಎಂಬ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಬರೀ ವ್ಯಾಯಾಮದವರು ಇಳಿಸಿದ ತೂಕ 1.8 ಕೆ.ಜಿ., ಬರೀ ಪಥ್ಯದವರು 8.9, ಎರಡೂ ಮಾಡಿದವರು 10.6. ರಕ್ತದ ಐಎಲ್-6 ಕೂಡ ಪಥ್ಯ ಇದ್ದ ಎರಡು ಗುಂಪಿನಲ್ಲೇ ಚೆನ್ನಾಗಿ ಇಳಿದಿತ್ತು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಒಂದು ಲೆಕ್ಕದ ಪ್ರಕಾರ ಒಂದೊಂದು ಕಿಲೋ ಇಳಿದಾಗಲೂ ಸಿಆರ್‌ಪಿ ಸರಾಸರಿ 0.13 ಮಿಲಿಗ್ರಾಂ ಇಳಿಯುತ್ತದೆ. ಯಾವ ಮಾತ್ರೆ ಕೊಳ್ಳುವ ಮೊದಲೂ ಈ ಲೆಕ್ಕ ನೆನಪಿರಲಿ. ರಾತ್ರಿ ಅನ್ನ ಒಂದು ಸೌಟು ಕಡಿಮೆ ಮಾಡಲು ದುಡ್ಡು ಬೇಕಿಲ್ಲ.

ಒಮೆಗಾ-3: ಜೋಡಿಗೆ ಒಪ್ಪುವುದು

ವ್ಯಾಯಾಮದ ಪಕ್ಕದಲ್ಲಿ ಇಡಬಹುದಾದ ಒಂದೇ ಸಪ್ಲಿಮೆಂಟ್ ಹೇಳಿ ಅಂದರೆ ನಾನು ಹೇಳುವುದು ಇದನ್ನು. ಇಪಿಎ, ಡಿಎಚ್‌ಎ ಎಂಬ ಕೊಬ್ಬಿನಾಮ್ಲಗಳಿಂದ ದೇಹವೇ ಉರಿಯೂತ ಮುಗಿಸುವ ರಾಸಾಯನಿಕ ತಯಾರಿಸಿಕೊಳ್ಳುತ್ತದೆ. ವ್ಯಾಯಾಮದ ದಾರಿಗೆ ಅಡ್ಡ ಬರುವುದಿಲ್ಲ. 2007ರಲ್ಲಿ ಆಸ್ಟ್ರೇಲಿಯಾದ ಅಧ್ಯಯನವೊಂದು ತೂಕ ಜಾಸ್ತಿಯಿದ್ದವರಿಗೆ 12 ವಾರ ದಿನಕ್ಕೆ 6 ಗ್ರಾಂ ಮೀನೆಣ್ಣೆ ಕೊಟ್ಟು, ವಾರಕ್ಕೆ ಮೂರು ದಿನ 45 ನಿಮಿಷ ನಡೆಸಿ ನೋಡಿತು. ಮೀನೆಣ್ಣೆಯಿಂದ ರಕ್ತದಲ್ಲಿನ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಇಳಿಯಿತು, ಒಳ್ಳೆಯ ಕೊಲೆಸ್ಟ್ರಾಲ್ ಏರಿತು. ನಡಿಗೆಯಿಂದ ರಕ್ತನಾಳ ಮೃದುವಾಯಿತು. ಮೈ ಕೊಬ್ಬು ಎರಡರಿಂದಲೂ ಕಡಿಮೆಯಾಯಿತು. ಅಂದರೆ ಒಂದೊಂದರ ಲಾಭ ಒಂದೊಂದು ಕಡೆ.

ಆದರೆ ಬಾಟಲಿ ತಿರುಗಿಸಿ ಓದಬೇಕು. ಮುಂದೆ ದೊಡ್ಡದಾಗಿ "ಫಿಶ್ ಆಯಿಲ್ 1000 ಮಿಲಿಗ್ರಾಂ" ಎಂದಿರುತ್ತದೆ. ಹಿಂದೆ ಸಣ್ಣಕ್ಷರದಲ್ಲಿ ಇಪಿಎ 180, ಡಿಎಚ್‌ಎ 120. ಸಾಮಾನ್ಯ ಕ್ಯಾಪ್ಸೂಲಿನ ಲೆಕ್ಕ ಇದು. ಕೂಡಿದರೆ 300. ಮಿಕ್ಕ 700 ಬೇರೆ ಕೊಬ್ಬು. ಮೇಲಿನ ಅಧ್ಯಯನದಲ್ಲಿ ದಿನಕ್ಕೆ ಸಿಕ್ಕ ಇಪಿಎ, ಡಿಎಚ್‌ಎ ಸುಮಾರು 1.9 ಗ್ರಾಂ. ಅಷ್ಟಾಗಲು ಈ ಕ್ಯಾಪ್ಸೂಲ್ ದಿನಕ್ಕೆ ಆರು ನುಂಗಬೇಕು! 60 ಕ್ಯಾಪ್ಸೂಲಿನ ಬಾಟಲಿ ಹತ್ತೇ ದಿನಕ್ಕೆ ಖಾಲಿ. ಹಾಗಾಗಿ ಎರಡು ಬ್ರಾಂಡ್ ಹೋಲಿಸುವಾಗ ಬಾಟಲಿಯ ಬೆಲೆ ಬಿಟ್ಟು, ಒಂದು ಗ್ರಾಂ ಇಪಿಎ-ಡಿಎಚ್‌ಎಗೆ ಎಷ್ಟು ರೂಪಾಯಿ ಬಿತ್ತು ಅಂತ ಭಾಗಿಸಿ. ದುಬಾರಿ ಅನಿಸಿದ ಹೆಚ್ಚು ಸತ್ವದ ಕ್ಯಾಪ್ಸೂಲ್ ಎಷ್ಟೋ ಸಲ ಅಗ್ಗವಾಗಿ ಬರುತ್ತದೆ.

ಮೀನು ತಿನ್ನುವವರಿಗೆ ಈ ಲೆಕ್ಕವೇ ಬೇಡ. ಕರಾವಳಿಯ ಬೂತಾಯಿ, ಬಂಗುಡೆ ಒಮೆಗಾ-3 ತುಂಬಿದ ಮೀನುಗಳು. ವಾರಕ್ಕೆ ಎರಡು-ಮೂರು ಸಲ ಗಸಿ ಅಥವಾ ಪುಳಿಮುಂಚಿ ಮಾಡಿಕೊಂಡರೆ ಸಾಕು. ಎಣ್ಣೆಯಲ್ಲಿ ಮುಳುಗಿಸಿ ಹುರಿಯುವುದು ಮಾತ್ರ ಅಪರೂಪಕ್ಕೆ ಇರಲಿ.

ಸಸ್ಯಾಹಾರಿಗಳು ತಕ್ಷಣ ಅಗಸೆ ಹೇಳುತ್ತಾರೆ. ಉತ್ತರ ಕರ್ನಾಟಕದ ಅಗಸಿ ಹಿಂಡಿ ಒಳ್ಳೆಯದೇ, ನಾರೂ ಇದೆ, ರೊಟ್ಟಿಗೆ ರುಚಿಯೂ ಇದೆ. ಆದರೆ ಅಗಸೆಯಲ್ಲಿರುವುದು ಎಎಲ್‌ಎ ಎಂಬ ಬೇರೆ ಒಮೆಗಾ-3. ದೇಹ ಅದರಲ್ಲಿ ಸ್ವಲ್ಪ ಭಾಗವನ್ನಷ್ಟೇ ಇಪಿಎಗೆ ತಿರುಗಿಸುತ್ತದೆ, ಡಿಎಚ್‌ಎಗಂತೂ ತೀರಾ ಕಡಿಮೆ. ಅಗಸೆಯನ್ನು ಊಟವಾಗಿ ತಿನ್ನಿ. ಮೀನೆಣ್ಣೆಯ ಕೆಲಸವೇ ಬೇಕಿದ್ದರೆ ಕಡಲ ಪಾಚಿಯ ಎಣ್ಣೆಯ ಕ್ಯಾಪ್ಸೂಲ್ ಸಿಗುತ್ತದೆ, ಬೆಲೆ ಜಾಸ್ತಿ.

ಹೆಚ್ಚು ಪ್ರಮಾಣದ ಒಮೆಗಾ-3 ಕೆಲವರಲ್ಲಿ ಹೃದಯ ಬಡಿತದ ತಾಳ ತಪ್ಪಿಸುತ್ತದೆ ಎಂದು ದೊಡ್ಡ ಅಧ್ಯಯನಗಳಲ್ಲಿ ಕಂಡಿದೆ. ಏಟ್ರಿಯಲ್ ಫಿಬ್ರಿಲೇಶನ್ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಶುರು ಮಾಡಬೇಡಿ.

ಅರಿಶಿನ: ಅಡುಗೆಮನೆಯದ್ದು ಬೇರೆ, ಮಾತ್ರೆಯದ್ದು ಬೇರೆ

ಅರಿಶಿನದಲ್ಲಿ ಕೆಲಸ ಮಾಡುವ ಕರ್ಕ್ಯುಮಿನ್ ಇರುವುದು ಸುಮಾರು 3%. ಒಂದು ಟೀ ಚಮಚ, ಅಂದರೆ 3 ಗ್ರಾಂ ಅರಿಶಿನ ಹಾಕಿದರೂ ಸಿಗುವುದು 90 ಮಿಲಿಗ್ರಾಂ ಆಸುಪಾಸು. ಅದೂ ಕರುಳಿನಿಂದ ರಕ್ತಕ್ಕೆ ಹೋಗುವುದು ಬಹಳ ಕಷ್ಟ. ಈ ತೊಡಕಿಗೆ ದಾರಿ ತೋರಿಸಿದ ಪ್ರಯೋಗ ನಮ್ಮ ಬೆಂಗಳೂರಿನದು. ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 1998ರಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ ಕರಿಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟು ನೋಡಿದರು. ಮನುಷ್ಯರಲ್ಲಿ ಹೀರಿಕೆ 2000% ಏರಿತು. ಇವತ್ತು ಜಗತ್ತಿನ ಎಷ್ಟೋ ಅರಿಶಿನದ ಮಾತ್ರೆಯಲ್ಲಿ ಮೆಣಸು ಸೇರಿರುವುದಕ್ಕೆ ಬುಡ ಅಲ್ಲಿದೆ.

ಈ ಮಾತ್ರೆಗಳಿಂದ ಸಿಆರ್‌ಪಿ ಒಂದಿಷ್ಟು ಇಳಿದದ್ದನ್ನು ಹಲವು ಸಣ್ಣ ಅಧ್ಯಯನಗಳು ತೋರಿಸಿವೆ, ಮಂಡಿನೋವಿಗೂ ಸ್ವಲ್ಪ ಹಿತ. ಆದರೆ ಹೀರಿಕೆ ಏರಿದಂತೆ ಅಪಾಯವೂ ಏರಿತು. ಹೆಚ್ಚು ಹೀರಿಕೆಯ ಅರಿಶಿನ ಮಾತ್ರೆಗಳಿಂದ ಲಿವರ್ ಕೆಟ್ಟ ಪ್ರಕರಣಗಳು ಇಟಲಿ, ಅಮೆರಿಕಗಳಲ್ಲಿ ದಾಖಲಾಗಿವೆ. ಆಸ್ಟ್ರೇಲಿಯಾದ ಔಷಧ ನಿಯಂತ್ರಕರು 2023ರಲ್ಲಿ ಎಚ್ಚರಿಕೆ ಕೊಟ್ಟರು. ಪೈಪರಿನ್ ಅರಿಶಿನವನ್ನಷ್ಟೇ ಒಳಗೆ ಬಿಡುವುದಿಲ್ಲ, ನೀವು ನುಂಗುವ ಬೇರೆ ಔಷಧಿಗಳ ಪ್ರಮಾಣವನ್ನೂ ರಕ್ತದಲ್ಲಿ ಏರಿಸಬಹುದು.

ಅದಕ್ಕೆ ನನ್ನ ಮಾತು ಇಷ್ಟು. ಸಾರಿನ, ಪಲ್ಯದ, ಹಾಲಿನ ಅರಿಶಿನ ಹಾಗೇ ಇರಲಿ, ಅದಕ್ಕೆ ಭಯವಿಲ್ಲ. ಮಂಡಿನೋವಿನಿಂದ ನಡೆಯಲೇ ಆಗದವರು ವೈದ್ಯರಿಗೆ ತಿಳಿಸಿ ಎರಡು-ಮೂರು ತಿಂಗಳ ಮಟ್ಟಿಗೆ ಮಾತ್ರೆ ನೋಡಬಹುದು. ನಡೆಯಲು ಅನುವಾದರೆ ಅದೇ ದೊಡ್ಡ ಲಾಭ. ಪಿತ್ತಕೋಶದಲ್ಲಿ ಕಲ್ಲಿರುವವರಿಗೆ ಬೇಡ. ಮೂತ್ರ ಕಡು ಹಳದಿಯಾದರೆ, ಕಣ್ಣು ಹಳದಿಯಾದರೆ, ವಾಕರಿಕೆ ನಿಲ್ಲದಿದ್ದರೆ ಅವತ್ತೇ ಮಾತ್ರೆ ನಿಲ್ಲಿಸಿ ಲಿವರ್ ಟೆಸ್ಟ್ ಮಾಡಿಸಿ.

ವಿಟಮಿನ್ ಡಿ, ಪ್ರೋಟೀನ್: ಕೊರತೆ ಇದ್ದರೆ

ಬೊಜ್ಜಿನವರ ರಕ್ತದಲ್ಲಿ ವಿಟಮಿನ್ ಡಿ ಕಡಿಮೆ ಇರುವುದು ಸಾಮಾನ್ಯ. ಕೊರತೆ ಇದ್ದರೆ ಸರಿಪಡಿಸಲೇಬೇಕು, ಸ್ನಾಯು ಬಲಕ್ಕೆ, ಮೂಳೆಗೆ ಅದು ಬೇಕು. ಕೊರತೆ ಇಲ್ಲದವರಿಗೆ ಜಾಸ್ತಿ ಕೊಟ್ಟರೆ ಬೊಜ್ಜಾಗಲಿ ಉರಿಯೂತವಾಗಲಿ ಇಳಿಯುತ್ತದೆ ಅನ್ನಲು ಗಟ್ಟಿ ಆಧಾರವಿಲ್ಲ. 25,871 ಜನರ ಮೇಲೆ ನಡೆದ ಅಮೆರಿಕದ ವೈಟಲ್ ಅಧ್ಯಯನದಲ್ಲಿ ದಿನಕ್ಕೆ 2000 ಯೂನಿಟ್ ಕೊಟ್ಟರೂ ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾಗಲಿಲ್ಲ. ನಮ್ಮಲ್ಲಿ ಭಯ ಬೇರೆ. 60,000 ಯೂನಿಟ್ಟಿನ ಸ್ಯಾಷೆಯನ್ನು ವೈದ್ಯರು ವಾರಕ್ಕೊಂದರಂತೆ ಎಂಟು ವಾರಕ್ಕೆ ಬರೆದಿರುತ್ತಾರೆ. ಹಳೇ ಚೀಟಿ ಹಿಡಿದು ವರ್ಷವಿಡೀ ಕುಡಿಯುವವರಿದ್ದಾರೆ. ಕೆಲವರು ವಾರದ್ದನ್ನು ದಿನಾ ಕುಡಿಯುತ್ತಾರೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಗೊಂದಲ, ಕಿಡ್ನಿ ತೊಂದರೆವರೆಗೂ ಹೋಗುತ್ತದೆ. ದಯವಿಟ್ಟು ಚೀಟಿಯಲ್ಲಿ "ವಾರಕ್ಕೆ" ಎಂಬುದನ್ನು ಮನೆಯ ಹಿರಿಯರಿಗೆ ಓದಿ ಹೇಳಿ.

ಪ್ರೋಟೀನ್ ಪೌಡರ್ ಉರಿಯೂತದ ಔಷಧಿಯಲ್ಲ. ತೂಕ ಇಳಿಸುವಾಗ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಅದನ್ನು ತಡೆಯಲು ಭಾರ ಎತ್ತಬೇಕು, ಪ್ರೋಟೀನ್ ತಿನ್ನಬೇಕು. ಮೊಟ್ಟೆ, ಮೊಸರು, ಹೆಸರುಕಾಳು, ಹುರಿಗಡಲೆ, ಸೋಯಾ ಸಾಲುವವರಿಗೆ ಡಬ್ಬ ಬೇಡ. ಸಾಲದಿದ್ದರೆ ಡಬ್ಬ ಅನುಕೂಲ, ಆದರೆ ಆರಿಸಿ ತಗೊಳ್ಳಿ. ಭಾರತದಲ್ಲಿ ಮಾರುವ 36 ಪ್ರೋಟೀನ್ ಪೌಡರ್‌ಗಳನ್ನು ಪರೀಕ್ಷಿಸಿದ 2024ರ ಅಧ್ಯಯನದಲ್ಲಿ ಸುಮಾರು 70% ಡಬ್ಬಿಗಳ ಮೇಲೆ ಬರೆದ ಪ್ರೋಟೀನ್ ಲೆಕ್ಕ ತಪ್ಪಿತ್ತು. ಕಿಡ್ನಿ ಕಾಯಿಲೆ ಇದ್ದವರು ಕೇಳದೆ ಮುಟ್ಟಬಾರದು.

ಪ್ರೋಬಯಾಟಿಕ್ ಕ್ಯಾಪ್ಸೂಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಳಿಯಿಂದ ತಳಿಗೆ ಫಲ ಬೇರೆ. ಮನೆಯ ಮಜ್ಜಿಗೆ, ನಾರಿರುವ ಕಾಳು-ಸೊಪ್ಪಿನಿಂದ ಶುರು ಮಾಡಿ.

ವ್ಯಾಯಾಮಕ್ಕೇ ಅಡ್ಡ ಬರುವವು

ವಿಟಮಿನ್ ಸಿ, ಇ ಮಾತ್ರೆಗಳಿಂದ ತೊಂದರೆ ಆಗಬಹುದೆಂದು ಯಾರೂ ಎಣಿಸುವುದಿಲ್ಲ. ಜರ್ಮನಿಯ ಯೇನಾದಲ್ಲಿ ಯುವಕರಿಗೆ ನಾಲ್ಕು ವಾರ ವ್ಯಾಯಾಮ ಮಾಡಿಸಿದರು. ಅರ್ಧ ಜನಕ್ಕೆ ದಿನಾ 1000 ಮಿಲಿಗ್ರಾಂ ವಿಟಮಿನ್ ಸಿ, 400 ಯೂನಿಟ್ ವಿಟಮಿನ್ ಇ ಕೊಟ್ಟರು. 2009ರಲ್ಲಿ ಪ್ರಕಟವಾದ ಫಲಿತಾಂಶ: ವಿಟಮಿನ್ ಇಲ್ಲದವರ ಇನ್ಸುಲಿನ್ ಕೆಲಸ ಸುಧಾರಿಸಿತು, ವಿಟಮಿನ್ ನುಂಗಿದವರಿಗೆ ಆ ಲಾಭವೇ ಸಿಗಲಿಲ್ಲ. ವ್ಯಾಯಾಮದ ಹೊತ್ತಿಗೆ ಸ್ನಾಯುವಿನಲ್ಲಿ ಹುಟ್ಟುವ ಆಕ್ಸಿಡೆಂಟ್‌ಗಳು "ಇನ್ನಷ್ಟು ಗಟ್ಟಿಯಾಗು" ಎಂದು ದೇಹಕ್ಕೆ ಕೊಡುವ ಸೂಚನೆ. ಮಾತ್ರೆ ಅದನ್ನೇ ಅಳಿಸಿಬಿಡುತ್ತದೆ. ದ್ರಾಕ್ಷಿ ಸಿಪ್ಪೆಯ ರೆಸ್ವೆರಟ್ರಾಲ್ ಕಥೆಯೂ ಇಂಥದ್ದೇ. ಕೋಪನ್‌ಹೇಗನ್‌ನಲ್ಲಿ 65ರ ಆಸುಪಾಸಿನ ಗಂಡಸರಿಗೆ ಎಂಟು ವಾರ ದಿನಕ್ಕೆ 250 ಮಿಲಿಗ್ರಾಂ ಕೊಟ್ಟಾಗ, ವ್ಯಾಯಾಮದಿಂದ ಬರಬೇಕಿದ್ದ ದಮ್ಮು ಮತ್ತು ರಕ್ತದೊತ್ತಡದ ಲಾಭ ಕುಂದಿತು. ನೆಲ್ಲಿಕಾಯಿ, ಸೀಬೆ, ಕಿತ್ತಳೆ ತಿನ್ನಲು ಯಾವ ಅಡ್ಡಿಯೂ ಇಲ್ಲ. ಮಾತು ದೊಡ್ಡ ಡೋಸಿನ ಮಾತ್ರೆಯದ್ದು.

ಇನ್ನು ಕೊಬ್ಬು ಕರಗಿಸುವ ಗುಳಿಗೆಗಳು. "ಗಾರ್ಸೀನಿಯಾ" ಎಂದು ಮಾರುವುದು ಬೇರೇನಲ್ಲ, ಶಿರಸಿ-ಸಿದ್ದಾಪುರದ ಕಾಡಿನ ಉಪ್ಪಾಗೆ. ಅದರ ಒಣಸಿಪ್ಪೆ ಹುಳಿಗೆ, ಬೀಜದ ತುಪ್ಪ ಅಡುಗೆಗೆ ಮಲೆನಾಡಿನಲ್ಲಿ ತಲೆಮಾರುಗಳಿಂದ ಬಳಕೆಯಲ್ಲಿದೆ. ಅದನ್ನು ಸಾರಕ್ಕೆ ಇಳಿಸಿ ತೂಕ ಇಳಿಸುವ ಮಾತ್ರೆ ಮಾಡಿದ್ದು ಹೊರಗಿನ ಮಾರುಕಟ್ಟೆ. ಅಮೆರಿಕದಲ್ಲಿ 135 ಜನರಿಗೆ 12 ವಾರ ಕೊಟ್ಟು ನೋಡಿದ 1998ರ ಅಧ್ಯಯನದಲ್ಲಿ ಖಾಲಿ ಮಾತ್ರೆಗಿಂತ ಹೆಚ್ಚು ತೂಕ ಇಳಿಯಲಿಲ್ಲ. ಲಿವರ್‌ಗೆ ಪೆಟ್ಟಾದ ವರದಿಗಳು ಆಮೇಲೆ ಬಂದವು. ಗ್ರೀನ್ ಟೀ ಸಾರದ ಗುಳಿಗೆಗೂ ಇದೇ ಭಯ. ಅದರಲ್ಲಿರುವ ಇಜಿಸಿಜಿ ಎಂಬ ಸತ್ವ ದಿನಕ್ಕೆ 800 ಮಿಲಿಗ್ರಾಂ ಮುಟ್ಟಿದರೆ ಲಿವರ್ ಕಿಣ್ವ ಏರಬಹುದು ಎಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಹೇಳಿದೆ. ಲೋಟದಲ್ಲಿ ಕುಡಿಯುವ ಗ್ರೀನ್ ಟೀಗೆ ಈ ಮಾತು ಸೇರುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು?

ನಲವತ್ತು ದಾಟಿದ, ಟ್ರೈಗ್ಲಿಸರೈಡ್ ಜಾಸ್ತಿಯಿರುವ, ಮೀನು ತಿನ್ನದ ವ್ಯಕ್ತಿಗೆ ನಡಿಗೆ ಜೊತೆ ಒಮೆಗಾ-3 ಇಡಲು ಕಾರಣವಿದೆ. ಕರಾವಳಿಯ ಮನೆಯಲ್ಲಿ ಬೂತಾಯಿ ತಿನ್ನುವವರಿಗೆ ನಡಿಗೆ ಮತ್ತು ಅನ್ನದ ಅಳತೆ ಸಾಕು. ಮಂಡಿನೋವಿನ ಅಕ್ಕನಿಗೆ ನೀರಿನಲ್ಲಿ ನಡಿಗೆ ಅಥವಾ ನಿಂತ ಸೈಕಲ್, ತೊಡೆಯ ಸ್ನಾಯುವಿಗೆ ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ, ಬೇಕಾದರೆ ಕೆಲಕಾಲ ಕರ್ಕ್ಯುಮಿನ್. ದಿನವಿಡೀ ಎಸಿ ಆಫೀಸಿನಲ್ಲಿ ಕೂತು ಬಿಸಿಲು ಕಾಣದವರು ಮೊದಲು ವಿಟಮಿನ್ ಡಿ ಟೆಸ್ಟ್ ಮಾಡಿಸಿ, ಆಮೇಲೆ ನಿರ್ಧಾರ. ಸಕ್ಕರೆ ಕಾಯಿಲೆ, ಕೊಲೆಸ್ಟ್ರಾಲ್ ಮಾತ್ರೆ ನುಂಗುತ್ತಿರುವವರು ಸಪ್ಲಿಮೆಂಟ್ ನಂಬಿ ಅವನ್ನು ಬಿಡಬೇಡಿ. ಸ್ಟ್ಯಾಟಿನ್ ಮಾತ್ರೆ ಕೊಲೆಸ್ಟ್ರಾಲ್ ಜೊತೆ ಸಿಆರ್‌ಪಿಯನ್ನೂ ಇಳಿಸುತ್ತದೆ.

ಯಾವುದೇ ಆಗಲಿ, ಒಂದು ಸಲಕ್ಕೆ ಒಂದೇ ಶುರು ಮಾಡಿ. ಮೂರು ಒಟ್ಟಿಗೆ ಶುರು ಮಾಡಿದರೆ ಲಾಭವಾದರೂ ಯಾವುದರದ್ದೋ, ಹೊಟ್ಟೆ ಕೆಟ್ಟರೂ ಯಾವುದರಿಂದಲೋ ಗೊತ್ತಾಗುವುದಿಲ್ಲ. ಮೊದಲ ನಾಲ್ಕು ವಾರ ಬರೀ ನಡಿಗೆ, ಊಟದ ಬದಲಾವಣೆ. ಆಮೇಲೆ ಸಪ್ಲಿಮೆಂಟ್, ಅದಕ್ಕೆ 12 ವಾರ. ಶುರುವಿನಲ್ಲಿ ಮತ್ತು ಕೊನೆಯಲ್ಲಿ ಸೊಂಟದ ಅಳತೆ, ಎಚ್‌ಎಸ್-ಸಿಆರ್‌ಪಿ, ಟ್ರೈಗ್ಲಿಸರೈಡ್ ಬರೆದಿಡಿ. ನಡಿಗೆಯಿಂದ ಬಂದಿದ್ದಕ್ಕಿಂತ ಏನೂ ಹೆಚ್ಚಾಗಿಲ್ಲ ಅನಿಸಿದರೆ ಮುಂದಿನ ಬಾಟಲಿ ಕೊಳ್ಳಬೇಡಿ.

ಕೊಳ್ಳುವಾಗ ಡಬ್ಬಿಯ ಮೇಲೆ ಎಫ್‌ಎಸ್‌ಎಸ್‌ಎಐ ಗುರುತು, 14 ಅಂಕಿಯ ಲೈಸೆನ್ಸ್ ನಂಬರ್ ಇದೆಯಾ ನೋಡಿ. "ನಾಟ್ ಫಾರ್ ಮೆಡಿಸಿನಲ್ ಯೂಸ್" ಎಂದು ಬರೆದಿರಬೇಕೆಂಬುದು ನಿಯಮ. ಅದೇ ಡಬ್ಬಿ ತೋರಿಸಿ "ಶುಗರ್ ವಾಸಿಯಾಗುತ್ತೆ" ಎಂದು ಮಾರುವವರಿದ್ದರೆ ಅಲ್ಲಿಂದ ಎದ್ದು ಬನ್ನಿ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಲಿವರ್-ಕಿಡ್ನಿ ಕಾಯಿಲೆಯವರು, ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆಯವರು ವೈದ್ಯರನ್ನು ಕೇಳಿಯೇ ಮುಂದುವರಿಯಿರಿ. ಆಪರೇಷನ್ ಗೊತ್ತಾಗಿದ್ದರೆ ನೀವು ನುಂಗುತ್ತಿರುವ ಎಲ್ಲದರ ಪಟ್ಟಿ, ಅರಿಶಿನದ ಮಾತ್ರೆ ಮೀನೆಣ್ಣೆ ಸೇರಿಸಿ, ಸರ್ಜನ್ ಕೈಗೂ ಅರಿವಳಿಕೆ ವೈದ್ಯರ ಕೈಗೂ ಮೊದಲೇ ಕೊಡಿ.